ಮಂದ್ರದ ತಂತಿ, ತಡವಾದ ದನಿ

ಅಮೀನಗಡವೆಂದೊಡನೆ ನಾಡಿನ ಯಾರಿಗೇ ಆಗಲಿ ಮೊದಲು ನೆನಪಾಗುವುದು ಕರದಂಟು. ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೋಗುವವರು ಅಲ್ಲಿ ಇಳಿದರೆ ಒಂದು ಪೊಟ್ಟಣವನ್ನಾದರೂ ಕೊಳ್ಳದೆ ಮುಂದೆ ಸಾಗುವುದು ಅಪೂರ್ವ. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲವೂ ಎದುರಿಗೆ ಸಿದ್ಧವಾಗಿದ್ದರೇನು? ಬೆಲ್ಲದ ಪಾಕ ಹದಕ್ಕೆ ಬಂದ ಗಳಿಗೆಯಲ್ಲಿಯೇ ಅವು ಅದರೊಡನೆ ಕೂಡಬೇಕು. ಗಳಿಗೆ ಮೀರಿತೋ, ಪದಾರ್ಥಗಳು ಅವೇ ಆಗಿದ್ದರೂ ತಿನಿಸು ಕೆಡುತ್ತದೆ. ಸಂಗೀತವೂ ಇಂಥದೇ ಒಂದು ಪಾಕ. ಸ್ವರ ಸರಿಯಾಗಿದ್ದು ವೇಳೆ ತಪ್ಪಿದರೆ ಅದನ್ನು ಯಾವ ಶ್ರೋತೃವೂ ಕ್ಷಮಿಸುವುದಿಲ್ಲ.

ಈಗ ಇಂಥ ಊರಿನ ಒಂದು ಮಾಳಿಗೆಮನೆಯನ್ನು ಕಲ್ಪಿಸಿಕೊಳ್ಳಿ. ಮೇಲಿನ ಕೋಣೆಯಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬ ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾನೆ. ಎದುರಿಗೆ ಕಂಪ್ಯೂಟರು, ಅದರ ಪಕ್ಕದಲ್ಲಿ ಗಿಟಾರಿನ ತಂತಿಯನ್ನು ಸೇರಿಸುವ, ಅಂಗೈಯಗಲದ ಒಂದು ಪೆಟ್ಟಿಗೆ, ಕಿವಿಗೆ ಹೆಡ್‌ಫೋನು. ಗೆಳೆಯ ನುಡಿಸಿ ಕಳುಹಿಸಿದ ತಬಲಾದ ಠೇಕಾ ಕಂಪ್ಯೂಟರಿನಿಂದ ಬರುತ್ತಿದೆ. ಅದರ ಜೊತೆ ಈತ ಮಂದ್ರದ ತಂತಿಯನ್ನು ಮಿಡಿದು ಮುದ್ರಿಸಿಕೊಳ್ಳಬೇಕು. ಮಿಡಿಯುತ್ತಾನೆ, ದನಿ ಒಂದು ಕೂದಲೆಳೆಯಷ್ಟು ತಡವಾಗಿ ಕಿವಿಗೆ ಬೀಳುತ್ತದೆ. ಮತ್ತೆ ಮಿಡಿಯುತ್ತಾನೆ, ಮತ್ತೆ ತಡ. ಪಡಸಾಲೆಯಿಂದ ಮೇಲೆ ಬಂದ ಅಜ್ಜ, ಒಂದು ಕಾಲದಲ್ಲಿ ನಾಟಕ ಕಂಪನಿಯಲ್ಲಿ ಪೇಟಿ ನುಡಿಸಿದವನು, ಮುದ್ರಿಸಿದ್ದನ್ನು ಕೇಳಿ, "ತಮ್ಮಾ, ಡಗ್ಗಾ ಮುಂದ ಹೊಂಟೈತಿ, ನೀ ಹಿಂದ ಉಳದಿ ನೋಡು" ಎನ್ನುತ್ತಾನೆ. "ಇಲ್ಲ ಮುತ್ಯಾ, ನಾ ಬರೊಬ್ಬರಿ ಬಾರಸಾಕತ್ತೀನಿ" ಎಂದು ಹುಡುಗ ಹೇಳುತ್ತಾನಾದರೂ ಅವನಿಗೆ ಒಳಗೇ ಅಳುಕು: ತನ್ನ ಕೈಯಲ್ಲಿ ಲಯವೇ ಇಲ್ಲವೇನೋ!

ಈ ಅಳುಕಿನಿಂದಲೇ ಎಷ್ಟೋ ಮನೆಗಳಲ್ಲಿ ವಾದ್ಯಗಳು ಗೋಡೆಯ ಗೂಟಕ್ಕೆ ಸೇರಿಬಿಡುತ್ತವೆ. ಆದಕಾರಣ ಈ ತಡವೆಂಬುದು ಎಲ್ಲಿಂದ ಬಂತು, ನಮಗಿಂತ ಮೊದಲಿನವರು ಅದನ್ನು ಹೇಗೆ ಗೆದ್ದರು ಎಂಬುದನ್ನು ವಿಚಾರಿಸುವುದು ಬರಿಯ ಕುತೂಹಲದ ಮಾತಲ್ಲ. ಧ್ವನಿಮುದ್ರಣ ಮಾಡುವವರು ಇದನ್ನು 'ಲೇಟೆನ್ಸಿ' ಎಂದು ಕರೆಯುತ್ತಾರೆ. ಹೆಸರು ಹೊಸದು, ಸಂಗತಿ ಬಹಳ ಹಳೆಯದು. ತಡವೆಂದರೆ ದೂರ. ದನಿ ಹುಟ್ಟಿದ ಸ್ಥಳಕ್ಕೂ ಕೇಳುವ ಕಿವಿಗೂ ನಡುವೆ ಇರುವ ಹಾದಿಯೇ ತಡ. ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ಸುಲಭವಾಗುತ್ತದೆ.

ಹದವಾದ ಹವೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೩ ಮೀಟರು ಸಾಗುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ, ಉಷ್ಣತೆ ೪೦ ಡಿಗ್ರಿ ಮುಟ್ಟಿದಾಗ, ಇನ್ನೊಂದು ಹನ್ನೆರಡು ಮೀಟರು ಹೆಚ್ಚು. ಸೆಕೆಂಡಿನ ಸಾವಿರದ ಒಂದು ಪಾಲಿಗೆ ಮಿಲಿಸೆಕೆಂಡು ಎಂದು ಹೆಸರು. ಒಂದು ಮಿಲಿಸೆಕೆಂಡಿನಲ್ಲಿ ಶಬ್ದ ಕ್ರಮಿಸುವ ದಾರಿ ಸುಮಾರು ೩೪ ಸೆಂಟಿಮೀಟರು, ಅಂದರೆ ಒಂದು ಅಡಿಗಿಂತ ತುಸು ಹೆಚ್ಚು. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಎದುರಿನ ಕೆಂಬಂಡೆಯತ್ತ ಕೂಗಿ ನೋಡಿ. ಬಂಡೆ ನಿಮ್ಮಿಂದ ೮೫ ಮೀಟರು ದೂರವಿದ್ದರೆ ನಿಮ್ಮ ಕೂಗು ಅರ್ಧ ಸೆಕೆಂಡಿಗೆ ಹಿಂದಿರುಗುತ್ತದೆ. ವಿಜಯಪುರದ ಗೋಲಗುಂಬಜದ ಒಳಗೆ ಈ ಪಾಠ ಇನ್ನೂ ಸ್ಪಷ್ಟ. ೧೬೫೬ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಈ ಸಮಾಧಿಯ ಗುಮ್ಮಟ ಒಳಗಡೆ ಸುಮಾರು ೩೮ ಮೀಟರು ಅಡ್ಡಗಲ. ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟಿದರೆ ಆ ಸದ್ದು ನೇರವಾಗಿ ಎದುರು ಗೋಡೆಗೆ ಹೋಗಿ ಬರಲು ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅಲ್ಲಿ ನಿಂತು ಒಬ್ಬ ಗಾಯಕ ದ್ರುತಲಯದ ತಾನು ಹಾಡಲೆಂದರೆ ಅವನ ಹಿಂದಿನ ಸ್ವರಗಳೇ ಮುಂದಿನ ಸ್ವರಗಳ ಕಾಲಿಗೆ ತೊಡರಿಕೊಳ್ಳುವುವು. ಗುಮ್ಮಟ ಕೌತುಕಕ್ಕೆ ಚೆನ್ನ, ಕಚೇರಿಗೆ ಒಗ್ಗುವುದಿಲ್ಲ.

ನಮ್ಮ ಹಿರಿಯರು ಈ ಲೆಕ್ಕವನ್ನು ಅಂಕಿಗಳಲ್ಲಿ ಬರೆದಿಡಲಿಲ್ಲ. ಕುಳಿತುಕೊಳ್ಳುವ ರೀತಿಯಲ್ಲಿಯೇ ಅದನ್ನು ಬಿಡಿಸಿಕೊಂಡಿದ್ದರು. ಬಾದಾಮಿಯ ಮೊದಲನೆಯ ಗುಹೆಯಲ್ಲಿ, ೬ನೆಯ ಶತಮಾನದ ಶಿಲ್ಪಿ ಕಡೆದ ಹದಿನೆಂಟು ತೋಳುಗಳ ನಟರಾಜನನ್ನು ನೀವು ನೋಡಿರಬಹುದು. ನರ್ತಿಸುವ ಆ ಪಾದಗಳ ಮಗ್ಗುಲಲ್ಲಿಯೇ ಗಣಪತಿ, ಅವನ ಬಳಿಯಲ್ಲಿಯೇ ಚರ್ಮವಾದ್ಯ ನುಡಿಸುವವನು. ವಾದ್ಯಗಾರನನ್ನು ದೂರದಲ್ಲೆಲ್ಲೋ ಕೂರಿಸದೆ ಕಾಲ್ಗೆಜ್ಜೆಗೆ ಕೈ ತಾಕುವಷ್ಟು ಸಮೀಪದಲ್ಲಿ ಕೂರಿಸಿದ್ದಾನೆ ಶಿಲ್ಪಿ.

ಅದೇ ನಿಯಮ ನಮ್ಮ ಕಂಪನಿ ನಾಟಕಗಳಲ್ಲಿಯೂ ನಡೆದು ಬಂತು. ಈ ಸೀಮೆ ನಾಟಕದ ಸೀಮೆ. 'ರಕ್ತರಾತ್ರಿ'ಯ ಕಂದಗಲ್ಲ ಹನುಮಂತರಾಯರ ಊರು ಇಲ್ಲಿಂದ ದೂರವಿಲ್ಲ. 'ಸಂಪತ್ತಿಗೆ ಸವಾಲ್' ಬರೆದ ಪಿ. ಬಿ. ಧುತ್ತರಗಿಯವರದು ಅಮೀನಗಡದ ನೆರೆಯ ಸೂಳೇಭಾವಿ. ಹಿಂದಿ ಚಿತ್ರಗಳಲ್ಲಿ ಹಾಡಿ ದೇಶವನ್ನೆಲ್ಲ ಮುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಬೀಳಗಿಯವರು. ಬನಶಂಕರಿಯ ಜಾತ್ರೆಯಲ್ಲಿ ಕಂಪನಿಗಳು ಡೇರೆ ಹೊಡೆದಾಗ ಪೇಟಿಯವನೂ ತಬಲಾದವನೂ ರಂಗದ ಅಂಚಿಗೆ ಅಂಟಿಕೊಂಡು, ನಟನ ಬಾಯಿಯನ್ನೇ ನೋಡುತ್ತ ಕುಳಿತುಕೊಳ್ಳುವುದನ್ನು ಕಂಡವರು ಬಲ್ಲರು. ನಟನಿಗೂ ಪೇಟಿಗೂ ನಡುವೆ ಎರಡು ಮೂರು ಮೀಟರು, ಅಂದರೆ ಆರರಿಂದ ಒಂಬತ್ತು ಮಿಲಿಸೆಕೆಂಡು. ಡೇರೆಯ ಕಡೆಯ ಸಾಲಿನವನು ರಂಗದಿಂದ ೩೦ ಮೀಟರು ದೂರದಲ್ಲಿ ಚಾಪೆಯ ಮೇಲೆ ಕುಳಿತಿದ್ದರೆ ಅವನಿಗೆ ಪ್ರತಿಯೊಂದು ಸ್ವರವೂ ೮೭ ಮಿಲಿಸೆಕೆಂಡು ತಡವಾಗಿಯೇ ಕೇಳುತ್ತದೆ. ಆದರೂ ಅವನು 'ತಾಳ ತಪ್ಪಿತು' ಎನ್ನುವುದಿಲ್ಲ. ಏಕೆ? ಹಾಡು, ಪೇಟಿ, ತಬಲಾ ಮೂರೂ ಒಂದೇ ಹಾದಿಯಲ್ಲಿ ಒಟ್ಟಿಗೆ ಬರುತ್ತವೆ. ಮೂರಕ್ಕೂ ಒಂದೇ ತಡ. ಎಲ್ಲರೂ ಕೂಡಿಯೇ ತಡವಾದರೆ ತೊಂದರೆಯಿಲ್ಲ. ಒಬ್ಬ ಬಂದು ಇನ್ನೊಬ್ಬ ಹಿಂದುಳಿದಾಗಲೇ ತೊಂದರೆ. ಜಾತ್ರೆಯ ಬೀದಿಯಲ್ಲಿ ನೂರು ಮೀಟರಿಗೊಂದರಂತೆ ಕಟ್ಟಿದ ಧ್ವನಿವರ್ಧಕಗಳಿಂದ ಒಂದೇ ಮಾತು ಎರಡೆರಡು ಸಲ ಕೇಳಿ ಅರ್ಥವೇ ಆಗದೆ ಹೋಗುವುದು ಈ ಎರಡನೆಯ ಬಗೆಗೆ ಉದಾಹರಣೆ.

ಇನ್ನು ಮಂದ್ರದ ಮಾತಿಗೆ ಬರೋಣ. ಬೇಸ್ ಗಿಟಾರು ಮಾಡುವ ಕೆಲಸವೇನು? ಹಾಡಿಗೆ ನೆಲವನ್ನು ಹಾಸುವುದು. ನಮ್ಮ ಸಂಗೀತದಲ್ಲಿ ಆ ನೆಲ ತಂಬೂರಿಯ ಖರಜದ ತಂತಿಯದು. ಕನ್ನಡಿಗರೂ ನೆಲೆಸಿರುವ ಗಡಿಯ ಮಿರಜದಲ್ಲಿ ಪೀಳಿಗೆಗಳಿಂದ ತಂಬೂರಿ, ಸಿತಾರುಗಳನ್ನು ಕಟ್ಟುವ ಕುಟುಂಬಗಳಿವೆ. ಮಿರಜದ ಈ ವಾದ್ಯಗಳಿಗೆ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಒಣಗಿಸಿದ ದೊಡ್ಡ ಸೋರೆಬುರುಡೆ ಆ ವಾದ್ಯದ ಒಡಲು. ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಇದೇ ಮಿರಜದಲ್ಲಿ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರು. ಈ ಪರಂಪರೆಯ ಯಾವ ಕಚೇರಿಯನ್ನೇ ನೆನೆಯಿರಿ, ತಂಬೂರಿಯವರು ಕುಳಿತುಕೊಳ್ಳುವುದು ಗಾಯಕನ ಬೆನ್ನಿಗೇ. ಖರಜ ಕಿವಿಯ ಹತ್ತಿರ ಇರಬೇಕು. ಅದು ದೂರವಾದರೆ ಗಾಯಕನಿಗೆ ನೆಲವೇ ಜಾರಿದಂತೆ.

ಇಂಥ ಮಂದ್ರಸ್ವರವನ್ನು ಯಂತ್ರವು ಹಿಡಿದಿಡಲು ಬಹಳ ಕಾಲ ಒದ್ದಾಡಿತು. ೧೯೦೨ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲಕತ್ತೆಗೆ ಬಂದು ಗೌಹರ್ ಜಾನರ ಹಾಡುಗಳನ್ನು ಗ್ರಾಮಫೋನಿಗೆ ಮುದ್ರಿಸಿದಾಗ ಮೈಕ್ರೋಫೋನು ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ಆ ಸದ್ದಿನ ಬಲದಿಂದಲೇ ಸೂಜಿ ಮೇಣದ ತಟ್ಟೆಯನ್ನು ಕೊರೆಯಬೇಕು. ಎತ್ತರದ ಕಂಠ ಅದರಲ್ಲಿ ನಿಂತಿತು. ಕೆಳಗಿನ ಸ್ವರಗಳು ಬಹಳ ಮಟ್ಟಿಗೆ ಅಳಿಸಿಹೋದುವು. ೧೯೨೫ರಲ್ಲಿ ವಿದ್ಯುತ್ತಿನ ಮುದ್ರಣ ಬಂದ ಮೇಲೆಯೇ ಮಂದ್ರಕ್ಕೆ ಬಾಗಿಲು ತೆರೆದದ್ದು.

ಇಲ್ಲಿ ನಿಮ್ಮ ಮನೆಯ ರೇಡಿಯೋದ ಒಂದು ಗುಟ್ಟನ್ನೂ ಹೇಳಬೇಕು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ಆ ಸ್ವರದ ಒಂದು ಅಲೆಯ ಉದ್ದ ೮ ಮೀಟರಿಗೂ ಮಿಕ್ಕಿದ್ದು. ಅಂಗೈಯಷ್ಟಿರುವ ರೇಡಿಯೋದ ಸ್ಪೀಕರು ಅಷ್ಟು ದೊಡ್ಡ ಅಲೆಯನ್ನು ಎಬ್ಬಿಸಲಾರದು. ಆದರೂ ನಿಮಗೆ ಆ ಸ್ವರ ಕೇಳುತ್ತದೆ! ಮೂಲಸ್ವರದ ಎರಡರಷ್ಟು, ಮೂರರಷ್ಟು ಎತ್ತರದಲ್ಲಿರುವ ಅದರ ಒಡಹುಟ್ಟಿದ ಕಂಪನಗಳು ಮಾತ್ರ ಹೊರಬಂದರೂ, ಅವನ್ನು ಕೇಳಿದ ಕಿವಿ, ಮನಸ್ಸುಗಳು ಕಾಣದ ತಾಯಿಯನ್ನು ಊಹಿಸಿಕೊಳ್ಳುತ್ತವೆ. ಅಂದರೆ ಇಷ್ಟು ವರ್ಷ ಸಣ್ಣ ರೇಡಿಯೋದಲ್ಲಿ ನೀವು ಕೇಳಿದ ಎಷ್ಟೋ ಖರಜವನ್ನು ಅರ್ಧ ನುಡಿಸಿದವರು ನೀವೇ.

ಬೇಸ್ ಗಿಟಾರು ಹುಟ್ಟಿದ್ದೂ ರೇಡಿಯೋ ರಿಪೇರಿಯ ಅಂಗಡಿಯ ಬಳಗದಲ್ಲಿಯೇ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರ್ ಎಂಬಾತ ೧೯೩೮ರಲ್ಲಿ ರೇಡಿಯೋ ದುರಸ್ತಿಯ ಅಂಗಡಿ ತೆರೆದ. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಆದರೆ ದುರಸ್ತಿಗೆಂದು ಬರುವ ವಾದ್ಯಗಾರರ ಗೋಳನ್ನು ಕಿವಿಗೊಟ್ಟು ಕೇಳುತ್ತಿದ್ದ. ಆಗ ಮಂದ್ರಕ್ಕೆ ಆಳೆತ್ತರದ ಡಬಲ್ ಬೇಸ್ ಎಂಬ ಪಿಟೀಲಿನ ಜಾತಿಯ ವಾದ್ಯವಿತ್ತು. ಅದನ್ನು ಹೊತ್ತು ತಿರುಗುವುದು ಕಷ್ಟ. ಮೇಳದ ಗದ್ದಲದಲ್ಲಿ ಅದು ಕೇಳುತ್ತಲೂ ಇರಲಿಲ್ಲ. ೧೯೫೧ರಲ್ಲಿ ಫೆಂಡರ್ 'ಪ್ರಿಸಿಷನ್ ಬೇಸ್' ಎಂಬ ವಾದ್ಯವನ್ನು ಮಾರಾಟಕ್ಕಿಟ್ಟ. ನಾಲ್ಕು ತಂತಿ, ೩೪ ಅಂಗುಲದ ತಂತಿಯಳತೆ, ಕುತ್ತಿಗೆಗೆ ಮೆಟ್ಟಿಲುಗಳು. ತಂತಿಯ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ತಂತಿ ಮಿಡಿದಾಗ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ವರ್ಧಕ ಯಂತ್ರ ಅದನ್ನು ಹಿಗ್ಗಿಸುತ್ತದೆ. ಮೆಟ್ಟಿಲುಗಳಿರುವುದರಿಂದ ಸ್ವರಸ್ಥಾನ ತಪ್ಪದು. ಹೆಸರಿನಲ್ಲಿರುವ 'ಪ್ರಿಸಿಷನ್' ಅಂದರೆ ಆ ಕರಾರುವಾಕ್ಕು. ಮರುವರ್ಷವೇ ಅದಕ್ಕೆಂದು ಬೇರೆ ವರ್ಧಕವನ್ನೂ ಅವನು ತಯಾರಿಸಿದ.

ಆದರೆ ಮುದ್ರಣಾಲಯದಲ್ಲಿ ಈ ವಾದ್ಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆ ೧೯೫೯ರಲ್ಲಿ ಒಂದು ಮನೆಯನ್ನು ಕೊಂಡು ಅದರ ಮೋಟಾರು ಕೊಟ್ಟಿಗೆಯನ್ನೇ ಸ್ಟುಡಿಯೋ ಮಾಡಿತು. ಅಲ್ಲಿ ಜೇಮ್ಸ್ ಜೇಮರ್‌ಸನ್ ಎಂಬ ಬೇಸ್ ವಾದಕನ ತಂತಿಯನ್ನು ಸ್ಪೀಕರು, ಮೈಕ್ರೋಫೋನುಗಳ ಹಂಗಿಲ್ಲದೆ ನೇರವಾಗಿ ಮುದ್ರಣದ ಮೇಜಿಗೆ ಜೋಡಿಸುತ್ತಿದ್ದರು. ಗಾಳಿಯಲ್ಲಿನ ದೂರ ಅಳಿದುಹೋಯಿತು. ತಂತಿಗೂ ಟೇಪಿಗೂ ನಡುವೆ ಉಳಿದದ್ದು ತಾಮ್ರದ ಎಳೆಯೊಂದೇ. ನಮ್ಮ ಚಿತ್ರಸಂಗೀತದಲ್ಲಿಯೂ ಬೇಸ್ ಗಿಟಾರು ಕ್ರಮವಾಗಿ ಸ್ಥಾನ ಪಡೆಯಿತು. ಧುತ್ತರಗಿಯವರ ಆ ನಾಟಕ ೧೯೭೪ರಲ್ಲಿ ರಾಜಕುಮಾರರ ಚಿತ್ರವಾದಾಗ ಅದಕ್ಕೆ ಸಂಗೀತ ಕೊಟ್ಟವರು ಜಿ. ಕೆ. ವೆಂಕಟೇಶ್. ಆ ದಶಕದಲ್ಲಿ ಅವರ ಬಳಿ ಸಹಾಯಕರಾಗಿ ದುಡಿದ ಇಳಯರಾಜಾ ಮುಂದೆ ತಮ್ಮ ಹಾಡುಗಳಲ್ಲಿ ಬೇಸ್ ಗಿಟಾರಿಗೆ ತನ್ನದೇ ಆದ ನಡೆಯನ್ನು ಕೊಟ್ಟರು.

ಇಷ್ಟರವರೆಗಿನ ತಡವೆಲ್ಲ ಗಾಳಿಯದು. ಯಂತ್ರವೇ ತಡಮಾಡಲು ಆರಂಭಿಸಿದ್ದು ಟೇಪಿನ ಕಾಲದಲ್ಲಿ. ಅದರ ಕಥೆ ಲೆಸ್ ಪಾಲ್ ಎಂಬ ಗಿಟಾರುಗಾರನ ಮನೆಯಿಂದ ಮೊದಲಾಗುತ್ತದೆ. ತಾನೇ ನುಡಿಸಿದ್ದರ ಮೇಲೆ ತಾನೇ ಮತ್ತೆ ನುಡಿಸಿ, ಒಬ್ಬನೇ ಒಂದು ಮೇಳವಾಗಬೇಕೆಂಬುದು ಅವನ ಹಂಬಲ. ೧೯೪೮ರ ಹೊತ್ತಿಗೆ ತಟ್ಟೆಯಿಂದ ತಟ್ಟೆಗೆ ಹೀಗೆ ಮುದ್ರಿಸಿ ಜನರನ್ನು ಬೆರಗುಗೊಳಿಸಿದ. ಬಳಿಕ ಟೇಪ್ ಯಂತ್ರದಲ್ಲಿ ಹೆಂಡತಿ ಮೇರಿ ಫೋರ್ಡಳ ಕಂಠವನ್ನೂ ಪದರಪದರವಾಗಿ ಸೇರಿಸಿದ. ಈಗ ನಾವು 'ಮನೆಯ ಮುದ್ರಣ' ಎನ್ನುವುದಕ್ಕೆ ಅವನೇ ದೊಡ್ಡಪ್ಪ.

ಟೇಪ್ ಯಂತ್ರದಲ್ಲಿ ದನಿಯನ್ನು ಬರೆಯುವ ಹೆಡ್ಡು ಒಂದು, ಓದುವ ಹೆಡ್ಡು ಇನ್ನೊಂದು. ಓದುವುದು ಬರೆಯುವುದಕ್ಕಿಂತ ಸ್ವಲ್ಪ ಮುಂದೆ, ಟೇಪು ಸಾಗುವ ದಾರಿಯಲ್ಲಿ ಇರುತ್ತದೆ. ಎರಡರ ನಡುವೆ ಒಂದೂವರೆ ಅಂಗುಲವಿದ್ದು ಟೇಪು ಸೆಕೆಂಡಿಗೆ ೧೫ ಅಂಗುಲದಂತೆ ಓಡಿದರೆ ಬರೆದದ್ದು ಓದುವ ಹೆಡ್ಡಿಗೆ ತಲುಪಲು ಸೆಕೆಂಡಿನ ಹತ್ತನೆಯ ಒಂದು ಪಾಲು ಬೇಕು. ಈಗ ನೀವು ಓದುವ ಹೆಡ್ಡಿನಿಂದ ಹಳೆಯ ತಬಲಾವನ್ನು ಕೇಳುತ್ತ, ಅದಕ್ಕೆ ಹೊಂದಿಕೊಂಡು ಬೇಸನ್ನು ಇನ್ನೊಂದು ಪಟ್ಟಿಯ ಮೇಲೆ ಬರೆಯುತ್ತೀರೆನ್ನಿ. ನೀವು ಸರಿಯಾಗಿಯೇ ನುಡಿಸಿದ್ದೀರಿ. ಆದರೆ ಟೇಪಿನ ಮೇಲೆ ನಿಮ್ಮ ಸ್ವರ ತಬಲಾಕ್ಕಿಂತ ಒಂದೂವರೆ ಅಂಗುಲ ಹಿಂದೆ ಬಿದ್ದಿದೆ! ನಮ್ಮ ಅಮೀನಗಡದ ಹುಡುಗನ ಸಂಕಟವೇ ಇದು. ಆಂಪೆಕ್ಸ್ ಸಂಸ್ಥೆಯವರು ೧೯೫೦ರ ದಶಕದಲ್ಲಿ ಕಂಡುಕೊಂಡ ಉಪಾಯ ಸರಳ: ಮುದ್ರಿಸುವಾಗ ಹಳೆಯ ಪಟ್ಟಿಗಳನ್ನು ಓದುವ ಹೆಡ್ಡಿನಿಂದ ಕೇಳಿಸದೆ, ಬರೆಯುವ ಹೆಡ್ಡನ್ನೇ ತಾತ್ಕಾಲಿಕವಾಗಿ ಓದಲು ಬಳಸುವುದು. ಕೇಳುವ ಸ್ಥಳವೂ ಬರೆಯುವ ಸ್ಥಳವೂ ಒಂದೇ ಆದಾಗ ದೂರವೆಲ್ಲಿ, ತಡವೆಲ್ಲಿ? 'ಸೆಲ್-ಸಿಂಕ್' ಎಂದು ಹೆಸರಾದ ಈ ಯುಕ್ತಿಯಿಂದಲೇ, ೧೯೫೭ರಲ್ಲಿ ಲೆಸ್ ಪಾಲನ ಕೈಸೇರಿದ ಎಂಟು ಪಟ್ಟಿಗಳ ಯಂತ್ರ ಕೆಲಸಕ್ಕೆ ಬಂದದ್ದು.

ಈಗಿನ ಕಂಪ್ಯೂಟರಿನಲ್ಲಿ ಟೇಪಿಲ್ಲ, ಹೆಡ್ಡಿಲ್ಲ, ಆದರೂ ತಡವಿದೆ. ಅದೇಕೆಂಬುದನ್ನು ಊರಬಾವಿಯ ಉಪಮೆಯಿಂದ ತಿಳಿಯೋಣ. ಗಿಟಾರಿನಿಂದ ಬಂದ ವಿದ್ಯುತ್ತನ್ನು ಆ ಸಣ್ಣ ಪೆಟ್ಟಿಗೆ ಸೆಕೆಂಡಿಗೆ ೪೮,೦೦೦ ಸಲ ಅಳೆದು ಅಂಕಿಗಳಾಗಿ ಮಾರ್ಪಡಿಸುತ್ತದೆ. ಕಂಪ್ಯೂಟರು ಈ ಅಂಕಿಗಳನ್ನು ಹನಿಹನಿಯಾಗಿ ಒಯ್ಯುವುದಿಲ್ಲ. ಕೊಡದಲ್ಲಿ ತುಂಬಿ ಒಯ್ಯುತ್ತದೆ. ಆ ಕೊಡಕ್ಕೆ 'ಬಫರ್' ಎಂದು ಹೆಸರು. ಕೊಡ ದೊಡ್ಡದಾದರೆ ಓಡಾಟ ಕಡಿಮೆ, ಆದರೆ ತುಂಬುವವರೆಗೆ ಕಾಯಬೇಕು. ತಂಬಿಗೆಯಲ್ಲಿ ಒಯ್ದರೆ ಕಾಯುವುದು ಕಡಿಮೆ, ಆದರೆ ಬಿಡುವಿಲ್ಲದ ಓಡಾಟ. ಒಂದು ಸಲ ತಡವರಿಸಿದರೂ ನೀರು ಚೆಲ್ಲುತ್ತದೆ. ಆ ಚೆಲ್ಲುವಿಕೆಯೇ ಮುದ್ರಣದಲ್ಲಿ ಕೇಳುವ ಚಟಪಟ ಸದ್ದು.

ಲೆಕ್ಕ ಹಾಕಿ ನೋಡಿ. ೧೦೨೪ ಅಂಕಿಗಳ ಕೊಡ ತುಂಬಲು ೨೧ ಮಿಲಿಸೆಕೆಂಡು ಬೇಕು. ಒಳಗೆ ಹೋಗುವಾಗ ಒಂದು ಕೊಡ, ಹೊರಗೆ ಬರುವಾಗ ಒಂದು. ಕೂಡಿ ೪೩ ಮಿಲಿಸೆಕೆಂಡು. ಹುಡುಗನು ತನ್ನ ವಾದ್ಯದಿಂದ ಹದಿನಾಲ್ಕೂವರೆ ಮೀಟರು ದೂರದಲ್ಲಿ ಕುಳಿತು ಕೇಳಿದಂತಾಯಿತು. ಅದೇ ಕೊಡವನ್ನು ೧೨೮ಕ್ಕೆ ಇಳಿಸಿದರೆ ಎರಡೂ ಕಡೆ ಸೇರಿ ಐದು ಚಿಲ್ಲರೆ ಮಿಲಿಸೆಕೆಂಡು. ದೂರ ಎರಡು ಮೀಟರಿಗೂ ಒಳಗೆ. ಯಂತ್ರದ ಇತರ ಕೆಲಸಗಳಿಗೆಂದು ಇನ್ನೆರಡು ಮೂರು ಮಿಲಿಸೆಕೆಂಡು ಸೇರಿಸಿದರೂ ಅದು ಕಂಪನಿ ನಾಟಕದ ನಟನಿಗೂ ಪೇಟಿಗೂ ಇದ್ದಷ್ಟೇ ದೂರ. ಅಷ್ಟನ್ನು ಯಾವ ವಾದ್ಯಗಾರನೂ ತಾಳಿಕೊಳ್ಳಬಲ್ಲ.

ಅದಕ್ಕಿಂತ ಹೆಚ್ಚಾದರೆ ಏನಾಗುತ್ತದೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ಬೇಕಾದಷ್ಟು ತಡವಾಗಿ ಕೇಳುವಂತೆ ಮಾಡಿ ಪರೀಕ್ಷಿಸಿದರು. ತಡ ಬಹಳ ಸ್ವಲ್ಪವಿದ್ದಾಗ ತಾಳ ತಾನಾಗಿ ಮುಂದೊತ್ತಿತು. ಹನ್ನೊಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಸಮವಾಗಿ ನಡೆಯಿತು. ತಡ ಬೆಳೆದಂತೆ ಇಬ್ಬರೂ ತಮಗರಿವಿಲ್ಲದೆಯೇ ನಿಧಾನವಾಗುತ್ತ ಹೋದರು. ಇದನ್ನು ಕೇಳಿದ ಮೇಲಾದರೂ ನಮ್ಮ ಹುಡುಗ ಸಮಾಧಾನ ತಾಳಬೇಕು. ಅವನ ಕೈ ಹಿಂದೆ ಬಿದ್ದದ್ದು ಅವನ ಕೊರತೆಯಿಂದಲ್ಲ; ತಡವಾದ ದನಿಯನ್ನು ಕೇಳುವ ಮನುಷ್ಯರೆಲ್ಲರೂ ಹಾಗೆಯೇ ಹಿಂದೆ ಬೀಳುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ಇತಿಹಾಸ ಹೇಳಿದ್ದನ್ನೇ: ದೂರವನ್ನು ಕಡಿಮೆ ಮಾಡಬೇಕು. ಮೊದಲನೆಯದಾಗಿ, ಮುದ್ರಿಸುವಾಗ ಬಫರನ್ನು ೬೪ಕ್ಕೋ ೧೨೮ಕ್ಕೋ ಇಳಿಸಿ. ಮುದ್ರಣ ಮುಗಿದು ಹಾಡನ್ನು ಹೊಂದಿಸುವಾಗ ನುಡಿಸುವವರಾರೂ ಇಲ್ಲದ್ದರಿಂದ ಅದನ್ನು ೧೦೨೪ಕ್ಕೆ ಏರಿಸಿಕೊಳ್ಳಿ. ಚಟಪಟ ಸದ್ದು ಬಂದರೆ ಕಂಪ್ಯೂಟರಿನ ಬೇರೆ ಕೆಲಸಗಳನ್ನು ನಿಲ್ಲಿಸಿ. ಎರಡನೆಯದಾಗಿ, ಪೆಟ್ಟಿಗೆಯನ್ನು ತಯಾರಿಸಿದವರೇ ಕೊಟ್ಟ ಚಾಲಕ ತಂತ್ರಾಂಶವನ್ನು ಬಳಸಿ. ಕಂಪ್ಯೂಟರಿನ ಸಾಮಾನ್ಯ ದಾರಿಯಲ್ಲಿ ದನಿಗೆ ಅಲ್ಲಲ್ಲಿ ಸುಂಕದ ಕಟ್ಟೆಗಳಿದ್ದುವು; ಅವನ್ನು ತಪ್ಪಿಸುವ ನೇರ ಹಾದಿಯನ್ನು ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ೧೯೯೭ರಲ್ಲಿ 'ಆಸಿಯೊ' ಎಂಬ ಹೆಸರಿನಲ್ಲಿ ಹಾಕಿಕೊಟ್ಟಿತು. ಮೂರನೆಯದಾಗಿ, ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನನ್ನು ಮುದ್ರಿಸುವಾಗ ಧರಿಸಲೇಬೇಡಿ. ಅದರಲ್ಲಿ ನೂರು, ಇನ್ನೂರು ಮಿಲಿಸೆಕೆಂಡು ತಡ ಸಾಮಾನ್ಯ. ನಿಮಿಷಕ್ಕೆ ೧೨೦ ಪೆಟ್ಟುಗಳ ನಡೆಯಲ್ಲಿ ಒಂದು ಪೆಟ್ಟಿನ ಕಾಲುಭಾಗವೇ ೧೨೫ ಮಿಲಿಸೆಕೆಂಡು ಎಂದ ಮೇಲೆ ಅನರ್ಥ ಎಷ್ಟೆಂಬುದು ಸ್ಪಷ್ಟ. ನಾಲ್ಕನೆಯದಾಗಿ, ಅನೇಕ ಪೆಟ್ಟಿಗೆಗಳ ಮೇಲೆ 'ಡೈರೆಕ್ಟ್ ಮಾನಿಟರ್' ಎಂಬ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಗಿಟಾರಿನ ದನಿ ಕಂಪ್ಯೂಟರಿನ ಒಳಹೊಕ್ಕು ಸುತ್ತಿ ಬರುವುದಕ್ಕೆ ಮೊದಲೇ ನೇರವಾಗಿ ಕಿವಿಗೆ ಬರುತ್ತದೆ. ತಂಬೂರಿಯವರು ಬೆನ್ನಿಗೆ ಬಂದು ಕುಳಿತಂತೆ ಇದು! ಆದರೆ ಕಂಪ್ಯೂಟರಿನಿಂದ ಬರುವ ಅದೇ ದನಿಯನ್ನು ಆಗ ಮುಚ್ಚಿಡಬೇಕು. ಇಲ್ಲವಾದರೆ ಜಾತ್ರೆಯ ಧ್ವನಿವರ್ಧಕದಂತೆ ಒಂದೇ ಸ್ವರ ಎರಡು ಸಲ ಕೇಳೀತು.

ಇವುಗಳೊಡನೆ ಬೇಸ್ ಗಿಟಾರಿಗೇ ಸಂಬಂಧಿಸಿದ ಒಂದು ಮಾತು. ಅದನ್ನು ಪೆಟ್ಟಿಗೆಯಲ್ಲಿ ವಾದ್ಯಕ್ಕೆಂದೇ ಇರುವ ತೂತಿಗೆ ಜೋಡಿಸಬೇಕು. ಗಿಟಾರಿನ ಸುರುಳಿ ಬಡವ. ಹೆಚ್ಚು ವಿದ್ಯುತ್ತನ್ನು ಕೊಡಲಾರ. ವಾದ್ಯದ ತೂತು ಸುಮಾರು ಹತ್ತು ಲಕ್ಷ ಓಮಿನ ತಡೆಯನ್ನೊಡ್ಡಿ, ಬಡವನಿಂದ ಬಹಳ ಕೇಳದೆ, ಕೊಟ್ಟದ್ದನ್ನು ಇದ್ದಂತೆಯೇ ಸ್ವೀಕರಿಸುತ್ತದೆ. ಬೇರೆ ತೂತಿಗೆ ಹಾಕಿದರೆ ದನಿ ಮಂಕಾಗುತ್ತದೆ. ಮಿಡಿತದ ಮೊನೆ ಮೊಂಡಾಗುತ್ತದೆ. ಅತಿ ಕೆಳಗಿನ ಸ್ವರದ ಒಂದೇ ಕಂಪನಕ್ಕೆ ೨೪ ಮಿಲಿಸೆಕೆಂಡು ಬೇಕಾದ್ದರಿಂದ, ಅದು ಎಂದು ಮೊದಲಾಯಿತೆಂಬುದನ್ನು ಕಿವಿಗೆ ತಿಳಿಸುವುದು ಬೆರಳು ತಾಕಿದಾಗಿನ ಆ ಮೊನೆಯೇ. ಅದು ಹೋದರೆ, ವೇಳೆಗೆ ಸರಿಯಾಗಿ ಬಂದ ಸ್ವರವೂ ಸೋಮಾರಿಯಂತೆ ಕೇಳುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯಬಹುದು. ಕಿವಿಗೆ ಎಲ್ಲವೂ ಸರಿಯಾಗಿ ಕೇಳಿದರೂ, ಮುದ್ರಿತ ಸ್ವರ ಮಾತ್ರ ತಬಲಾದ ಹಿಂದೆ ಹೋಗಿ ನಿಂತಿರಬಹುದು: ಸೆಲ್-ಸಿಂಕ್ ಬರುವ ಮೊದಲಿನ ಟೇಪಿನಂತೆ. ಸಾಮಾನ್ಯವಾಗಿ ತಂತ್ರಾಂಶವೇ ಇದನ್ನು ಸರಿಪಡಿಸಿಕೊಳ್ಳುತ್ತದೆ. ಸಂಶಯವಿದ್ದರೆ ಅಳೆಯುವುದು ಸುಲಭ. ಪೆಟ್ಟಿಗೆಯ ಹೊರದಾರಿಯಿಂದ ಒಳದಾರಿಗೆ ಒಂದು ತಂತಿ ಜೋಡಿಸಿ, ಕಂಪ್ಯೂಟರಿನಿಂದ ಒಂದು 'ಟಕ್' ಸದ್ದನ್ನು ಕಳುಹಿಸಿ, ಅದನ್ನೇ ಮತ್ತೆ ಮುದ್ರಿಸಿಕೊಳ್ಳಿ. ಕಳುಹಿಸಿದ ಟಕ್ಕಿಗೂ ಬಂದ ಟಕ್ಕಿಗೂ ನಡುವೆ ೪೮೦ ಅಂಕಿಗಳ ಅಂತರ ಕಂಡರೆ ತಡ ಸರಿಯಾಗಿ ಹತ್ತು ಮಿಲಿಸೆಕೆಂಡು. ಆ ಸಂಖ್ಯೆಯನ್ನು ತಂತ್ರಾಂಶಕ್ಕೆ ತಿಳಿಸಿದರೆ ಮುಂದಿನ ಪ್ರತಿಯೊಂದು ಮುದ್ರಣವನ್ನೂ ಅದು ಅಷ್ಟು ಮುಂದಕ್ಕೆ ಸರಿಸಿ ಇಡುತ್ತದೆ.

ಗಿಟಾರು ಇಲ್ಲದ ಮನೆಯವರೂ ಈ ತಡವನ್ನು ಇಂದೇ ಪರೀಕ್ಷಿಸಬಹುದು. ವಾರ್ತೆಗೆ ಮುಂಚೆ ಆಕಾಶವಾಣಿ ವೇಳೆಯನ್ನು ಸಾರುವ ಬೀಪ್ ಸದ್ದಿಗೆ ಗಡಿಯಾರ ತಿದ್ದಿಕೊಳ್ಳುವುದು ನಮ್ಮ ಮನೆಗಳಲ್ಲಿ ಹಳೆಯ ವಾಡಿಕೆ. ರೇಡಿಯೋದ ಪಕ್ಕದಲ್ಲಿ ಫೋನಿನಲ್ಲಿಯೂ ಅದೇ ಕಾರ್ಯಕ್ರಮವನ್ನು ಹಾಕಿ ನೋಡಿ. ರೇಡಿಯೋದ ಬೀಪು ಮುಗಿದು ಹಲವು ಸೆಕೆಂಡುಗಳಾದ ಮೇಲೆ ಫೋನಿನದು ಕೇಳುತ್ತದೆ. ಅಲ್ಲಿ ಬಹು ದೊಡ್ಡ ಕೊಡಗಳಲ್ಲಿ ದನಿ ಬರುತ್ತದೆ. ಹಾಡು ಕೇಳಲು ಅದರಿಂದ ಬಾಧಕವಿಲ್ಲ, ಕಡೆಯ ಸಾಲಿನ ಪ್ರೇಕ್ಷಕನಂತೆ. ಗಡಿಯಾರ ತಿದ್ದಲು ಮಾತ್ರ ಅದನ್ನು ನಂಬಬೇಡಿ.

ಮನೆಯ ಕೋಣೆಯಲ್ಲಿ ನಡೆಯುವ ಇಂಥ ಕೆಲಸವನ್ನು ಹುಡುಗಾಟವೆಂದು ಹಿರಿಯರು ತಳ್ಳಿಹಾಕಬಾರದು. ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ೩೦ ವ್ಯಾಟಿನ ಪುಟ್ಟ ಪ್ರಸಾರಯಂತ್ರವನ್ನಿಟ್ಟು ಆರಂಭಿಸಿದ್ದೇ 'ಆಕಾಶವಾಣಿ'. ಧಾರವಾಡದ ನಿಲಯ ತೆರೆದದ್ದು ಅದಾದ ಹದಿನೈದು ವರ್ಷಕ್ಕೆ, ೧೯೫೦ರ ಜನವರಿ ೮ರಂದು. ಮನೆಯಲ್ಲಿ ಹುಟ್ಟಿದ ದನಿ ನಾಡಿನ ದನಿಯಾಗುವುದು ನಮಗೆ ಹೊಸತೇನಲ್ಲ.

ಆದ್ದರಿಂದ ಮತ್ತೆ ಆ ಮಾಳಿಗೆಯ ಕೋಣೆಗೆ ಹೋಗೋಣ. ಹುಡುಗ ಕೊಡವನ್ನು ತಂಬಿಗೆ ಮಾಡಿದ್ದಾನೆ. ತಂತಿಯಿರುವ ಹೆಡ್‌ಫೋನನ್ನು ಹಾಕಿದ್ದಾನೆ. ನೇರ ಹಾದಿಯ ಗುಂಡಿಯನ್ನು ಒತ್ತಿದ್ದಾನೆ. ಠೇಕಾ ಮೊದಲಾಗುತ್ತದೆ. ಖರಜದ ತಂತಿಯ ಮೇಲೆ ಬೆರಳು ಬೀಳುತ್ತದೆ. ಡಗ್ಗಾ ಮತ್ತು ತಂತಿ ಒಂದೇ ಪೆಟ್ಟಾಗಿ ಕೇಳುತ್ತವೆ. ಹೆಡ್‌ಫೋನಿನ ಒಂದು ಬಟ್ಟಲನ್ನು ತನ್ನ ಕಿವಿಗಿಟ್ಟುಕೊಂಡ ಅಜ್ಜ ಏನೂ ಹೇಳುವುದಿಲ್ಲ. ಅವನ ಬೆರಳುಗಳು ಮಾತ್ರ ಮೇಜಿನ ಅಂಚಿನ ಮೇಲೆ ಪೇಟಿಯ ಮನೆಗಳನ್ನು ಹುಡುಕುತ್ತಿವೆ.